ಒಂದು ದಿನ ಹೆಚ್ಚು ಉಳಿದ ಅಮ್ಮ

ಅಕ್ಟೋಬರ್ ಎಂದರೆ ಕಥೋಲಿಕರಾದ ನಮಗೆ ಮಣಿ ಎಣಿಸುತ್ತ ಹೇಳುವ ಜಪಸರದ ತಿಂಗಳು. ಕೋಣನಕುಂಟೆಯ ನಮ್ಮ ಚರ್ಚಿನ ವಲಯದಲ್ಲಿ ಆ ತಿಂಗಳಿಡೀ ಮರಿಯಮ್ಮನವರ ಒಂದು ಸ್ವರೂಪ ಮನೆಯಿಂದ ಮನೆಗೆ ಹೋಗುತ್ತದೆ. ಮೊಳದುದ್ದದ ಪ್ರತಿಮೆ, ನೀಲಿ ಮೇಲುಹೊದಿಕೆ, ಮೂಗಿನ ತುದಿಯಲ್ಲಿ ಮಾತ್ರ ಬಣ್ಣ ಎದ್ದುಹೋಗಿದೆ. ಸಂಜೆ ಏಳಕ್ಕೆ ಒಂದು ಮನೆಯಿಂದ ಹಾಡುತ್ತ ಹೊತ್ತು ತಂದು ಇನ್ನೊಂದು ಮನೆಯಲ್ಲಿ ಇಡುತ್ತಾರೆ. ಎಲ್ಲರೂ ಕೂತು ಜಪಸರ ಹೇಳಿ, ಕಡಲೆಕಾಳು ಉಸಲಿ ತಿಂದು, ಕಾಫಿ ಕುಡಿದು ಹೊರಡುತ್ತಾರೆ. ಮಾರನೆಯ ಸಂಜೆಯವರೆಗೆ ಅಮ್ಮ ಅಲ್ಲೇ. ಆ ತಿಂಗಳು ಹಾಲಿನ ಬೂತಿನಲ್ಲಿ ಸಿಕ್ಕವರೂ ಕೇಳುವುದು ಒಂದೇ: "ಅಮ್ಮ ಈಗ ಯಾರ ಮನೇಲಿದ್ದಾರೆ?"

ಹೆಂಡತಿ ಇದ್ದಾಗ ಇದೆಲ್ಲ ಅವಳ ಉಸ್ತುವಾರಿ. ನಾನು ಕುರ್ಚಿ ಜೋಡಿಸಿ, ಜಪಸರದಲ್ಲಿ 'ರಹಸ್ಯ' ಎನ್ನುವ ಐದು ಸುತ್ತುಗಳ ಪೈಕಿ ಮೂರನೆಯದರ ಹೊತ್ತಿಗೆ ಮೆಲ್ಲಗೆ ಬಾಗಿಲ ಕಡೆ ಸರಿದು ಮೊಬೈಲ್ ನೋಡುತ್ತಿದ್ದ ಆಸಾಮಿ. ಅವಳು ತೀರಿಕೊಂಡ ವರ್ಷ ನಮ್ಮ ಮನೆಯ ಸರದಿ ಬೇಡ ಎಂದಿದ್ದೆ. ಕಳೆದ ವರ್ಷ ಬರಲಿ ಎಂದೆ. ಭಕ್ತಿ ಉಕ್ಕಿ ಬಂದಿತ್ತು ಎಂದುಕೊಳ್ಳಬೇಡಿ. ನಮಗೆ ಮಕ್ಕಳಿಲ್ಲ. ನನಗೂ ನಿವೃತ್ತಿಯಾಗಿತ್ತು. ಮನೆಯಲ್ಲಿ ದನಿ ಎತ್ತುವುದು ಕುಕ್ಕರ್ ಒಂದೇ ಎನ್ನುವ ಸ್ಥಿತಿಗೆ ಬಂದಿದ್ದೆ.

ನಮ್ಮ ಸರದಿಯ ದಿನ ಇಪ್ಪತ್ತಕ್ಕೂ ಹೆಚ್ಚು ಜನ ಬಂದರು. ಹೆಂಗಸರು ನನ್ನನ್ನು ಕೇಳದೆಯೇ ಅಡುಗೆಮನೆಗೆ ನುಗ್ಗಿದರು. ಒಬ್ಬಾಕೆ ಉಸಲಿಯ ರುಚಿ ನೋಡಿ, "ಏನ್ ಅಂಕಲ್, ಉಪ್ಪೇ ಹಾಕಿಲ್ಲ!" ಎಂದು ಗದರಿದಳು. ಎಲ್ಲರೂ ನಕ್ಕರು. ನನ್ನ ಮನೆಯೊಳಗೆ ನಿಂತು ಯಾರಾದರೂ ನನ್ನನ್ನು ಗದರಿ ಒಂದೂವರೆ ವರ್ಷವಾಗಿತ್ತು. ನನಗೆ ಅದೆಷ್ಟು ಖುಷಿಯಾಯಿತೆಂದರೆ, ಎಲ್ಲರೂ ಹೋದ ಮೇಲೆ ಲೋಟಗಳನ್ನು ತೊಳೆಯಲು ಮನಸ್ಸೇ ಬರಲಿಲ್ಲ.

ಮಾರನೆಯ ಬೆಳಿಗ್ಗೆ ವಲಯದ ಕೆಲಸ ನೋಡಿಕೊಳ್ಳುವ ಹೆಣ್ಣುಮಗಳ ಫೋನ್ ಬಂತು. "ಅಂಕಲ್, ನಂಗೆ ವಿಪರೀತ ಜ್ವರ, ಗಂಟಲು ಬೇರೆ ಕಟ್ಟಿದೆ. ಇವತ್ತು ಹಿಂದಿನ ರೋಡಲ್ಲಿ ಲಕ್ವ ಹೊಡೆದಿರೋ ಅಂಕಲ್ ಇದ್ದಾರಲ್ಲ, ಅವರ ಮನೆ ಸರದಿ. ಗ್ರೂಪಲ್ಲಿ ನೀವೇ ಒಂದ್ ಮೆಸೇಜ್ ಹಾಕ್ಬಿಡಿ. ಅವರ ಹತ್ರ ವಾಟ್ಸಾಪ್ ಇಲ್ಲ, ಆದ್ರೆ ಆಂಟಿಗೆ ಭಾನುವಾರಾನೇ ಹೇಳಿದೀನಿ."

ಮೆಸೇಜ್ ಬರೆಯಲು ಕೂತೆ. 'ಇಂದಿನ ಜಪಸರ' ಎಂದು ಬರೆದು ಬೆರಳು ನಿಂತಿತು. ಅವರದು ಎರಡನೆಯ ಮಹಡಿ, ಲಿಫ್ಟ್ ಇಲ್ಲ. ಮಲಗಿದವರನ್ನು ನೋಡಿಕೊಳ್ಳುವುದರಲ್ಲೇ ಆಕೆ ಹೈರಾಣಾಗಿರುತ್ತಾರೆ, ಇಷ್ಟು ಜನಕ್ಕೆ ಕಾಫಿ ಬೇರೆ ಕಾಸಬೇಕು, ತಪ್ಪಿದರೆ ಅವರಿಗೂ ನಿರಾಳವೇ ಎಂದುಕೊಂಡೆ. ಇದೆಲ್ಲ ನನಗೆ ನಾನೇ ಹಚ್ಚಿಕೊಂಡ ಬೆಣ್ಣೆ. ನನಗೆ ಬೇಕಾಗಿದ್ದದ್ದು ಇನ್ನೊಂದು ಸಂಜೆ ನನ್ನ ಬಾಗಿಲಲ್ಲಿ ಆ ಚಪ್ಪಲಿಗಳ ರಾಶಿ. 'ಅನಿವಾರ್ಯ ಕಾರಣಗಳಿಂದ ಇಂದೂ ಜಪಸರ ನಮ್ಮ ಮನೆಯಲ್ಲೇ' ಎಂದು ಬರೆದು ಕಳಿಸಿದೆ. ಒಬ್ಬರಾದ ಮೇಲೊಬ್ಬರು ಕೈ ಮುಗಿದ ಚಿತ್ರ ಹಾಕಿದರು. ಕಾರಣ ಏನೆಂದು ಒಬ್ಬರೂ ಕೇಳಲಿಲ್ಲ; ಜ್ವರದಲ್ಲಿ ಮಲಗಿದ್ದ ಆ ಹೆಣ್ಣುಮಗಳು ಗ್ರೂಪ್ ನೋಡಿಯೇ ಇರಲಿಲ್ಲ.

ಆ ದಂಪತಿಗಾದರೂ ಹೋಗಿ ಹೇಳಿ ಬರೋಣವೆಂದು ಚಪ್ಪಲಿ ಮೆಟ್ಟಿದೆ. ಏನೆಂದು ಹೇಳುವುದು? ತೋಚದೆ ಬಿಚ್ಚಿಟ್ಟೆ.

ಸಂಜೆ ಮತ್ತೆ ಮನೆ ತುಂಬಿತು. ಯಾರೋ ಬೋಂಡಾ ತಂದಿದ್ದರು. ನಾನೇ ಮುಂದೆ ಕೂತು ಜಪಸರ ನಡೆಸಿದೆ. ನಡುವೆ ಒಮ್ಮೆ ಹಿಂದಿನ ರಸ್ತೆಯ ಆ ಮನೆ ನೆನಪಾಯಿತು. ದನಿ ಇನ್ನಷ್ಟು ಏರಿಸಿದೆ.

ಬೆಳಿಗ್ಗೆ ಎದ್ದಾಗ ಅಮ್ಮ ಅಲ್ಲೇ ಇದ್ದರು, ಕೊರಳಲ್ಲಿ ಬಾಡಿದ ಕನಕಾಂಬರ. ಇವತ್ತಿನ ಸರದಿ ಪಟ್ಟಿಯ ಮುಂದಿನ ಮನೆಯವರದು. ಅಂದರೆ ಆ ದಂಪತಿಯ ದಿನ ಹೋದದ್ದು ಹೋಯಿತು. ಒಬ್ಬನಿಗೇ ಕಾಸಿಕೊಂಡ ಕಾಫಿಯನ್ನು ಕುಡಿಯದೆ ಸಿಂಕಿಗೆ ಸುರಿದೆ. ಹತ್ತು ಗಂಟೆಗೆ ಸ್ವರೂಪವನ್ನು ಟವೆಲಿನಲ್ಲಿ ಸುತ್ತಿ, ಎದೆಗವಚಿಕೊಂಡು ಅವರ ಮನೆಯ ಮೆಟ್ಟಿಲು ಹತ್ತಿದೆ.

ಬಾಗಿಲು ತೆಗೆದ ಆಕೆಯ ಹಿಂದೆ ಹಾಲಿನ ತುಂಬ ಜಮಖಾನೆ ಹಾಸಿತ್ತು. ಗೋಡೆಗುಂಟ ಅಕ್ಕಪಕ್ಕದವರಿಂದ ತಂದ ಪ್ಲಾಸ್ಟಿಕ್ ಕುರ್ಚಿಗಳು. ಬಿಳಿ ಬಟ್ಟೆ ಹೊದಿಸಿದ ಮೇಜು, ಅದರ ಮೇಲೆ ಹಚ್ಚದ ಎರಡು ಮೇಣದ ಬತ್ತಿ. ಗಂಡ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು. ಗಡ್ಡ ಬೋಳಿಸಿತ್ತು. ಕೊರಳವರೆಗೆ ಗುಂಡಿ ಹಾಕಿದ ಬಿಳಿ ಶರ್ಟು ಮುದುಡಿ ಹೋಗಿತ್ತು.

"ಬನ್ನಿ ಅಣ್ಣ, ನೀವೊಬ್ರಾದ್ರೂ ಬಂದ್ರಲ್ಲ," ಎಂದರು ಆಕೆ. "ನಿನ್ನೆ ಕಾದು ಕಾದು ಸಾಕಾಯ್ತು. ಕಾಯಿಲೆ ಮನೆ ಅಂತ ಯಾರೂ ಬರ್ಲಿಲ್ವೇನೋ. ಇವರು ಮಲಗೋವಾಗ್ಲೂ ಶರ್ಟ್ ಬಿಚ್ಚೋಕೆ ಬಿಡ್ಲಿಲ್ಲ."

ಅಮ್ಮನನ್ನು ಮೇಜಿನ ಮೇಲಿಟ್ಟು ಮೂವರೂ ಜಪಸರ ಹೇಳಿದೆವು. ಲಕ್ವ ಹೊಡೆದ ಮೇಲೆ ಅವರ ಒಂದು ಮಾತಿಗೆ ಇನ್ನೊಂದು ಮಾತು ಕೂಡುವುದಿಲ್ಲ. ಆದರೆ 'ನಮೋ ಮರಿಯಾ' ಪ್ರಾರ್ಥನೆ ಮಾತ್ರ ಅಕ್ಷರ ತಪ್ಪದೆ ಬಂತು. ಅವರು ಕಣ್ಣು ಮುಚ್ಚಿ ಹೇಳುತ್ತಿದ್ದರು.

ಆಕೆ ಕಾಫಿ ಕಾಸಲು ಒಳಗೆ ಹೋದಾಗ ನಾನೂ ಹಿಂದೆ ಹೋದೆ. ಒಲೆಯ ಪಕ್ಕದಲ್ಲಿ ಒಂದು ದೊಡ್ಡ ಪಾತ್ರೆ ತುಂಬ ಉಸಲಿ ಹಾಗೇ ಇತ್ತು.

"ಅಕ್ಕ, ಯಾರೂ ನಿಮ್ಮನ್ನ ಬಿಟ್ಟಿಲ್ಲ. ಎಲ್ಲಾರ್ನೂ ನಮ್ಮನೆಗೆ ಕರೆದಿದ್ದು ನಾನು. ಗ್ರೂಪಲ್ಲಿ ಸುಳ್ಳು ಮೆಸೇಜ್ ಹಾಕ್ದೆ."

"ಯಾಕಣ್ಣ?"

"ಒಬ್ನೇ ಇರೋಕಾಗ್ಲಿಲ್ಲ."

ಆಕೆ ಒಲೆ ಆರಿಸಿದರು. "ವರ್ಷಕ್ಕೆ ನಮ್ಮನೆ ಮೆಟ್ಲು ಜನ ಹತ್ತೋದು ಅದೊಂದೇ ದಿನ," ಎಂದರು. ದನಿ ಏರಲಿಲ್ಲ. ಬಾಯಿಗೆ ಬಂದಂತೆ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಇವತ್ತೇ ಎಲ್ಲರನ್ನೂ ಕರೆತರುತ್ತೇನೆ, ಎಲ್ಲರೆದುರು ತಪ್ಪು ಒಪ್ಪಿಕೊಳ್ಳುತ್ತೇನೆ ಎಂದೆ. ಆಕೆ ಅಡ್ಡಡ್ಡ ತಲೆಯಾಡಿಸಿದರು.

"ಬೇಡ ಅಣ್ಣ. ನಿನ್ನೆ ಕೆಳಗೆ ಗೇಟ್ ಸದ್ದಾದಾಗೆಲ್ಲ ಬಂದ್ರು, ಬಂದ್ರು ಅಂದೆ ಇವರಿಗೆ. ಇವತ್ತು ಮತ್ತೆ ಬರ್ತಾರೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಹಾಲಿಗೆ ಬಂದಾಗ, ನಮ್ಮ ಮಾತು ಕೇಳಿಸಿತ್ತೇನೋ, ಆಕೆಯ ಗಂಡ ಸ್ವಾಧೀನವಿದ್ದ ಒಂದೇ ಕೈಯಿಂದ ಕೊರಳ ಗುಂಡಿ ಬಿಚ್ಚಲು ಒದ್ದಾಡುತ್ತಿದ್ದರು. ಹೆಂಡತಿ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ನಾನೇ ಮಂಚದ ಅಂಚಿನಲ್ಲಿ ಕೂತು ಒಂದೊಂದಾಗಿ ಗುಂಡಿಗಳನ್ನು ಬಿಚ್ಚಿದೆ. ಅವರು ತಡೆಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಕಣ್ಣು ಬಾಗಿಲ ಮೇಲೇ ಇತ್ತು.