ಯಲ್ಲಮ್ಮಕ್ಕನ ಮಣಿಕಟ್ಟು ಮತ್ತು ಗಾಜಿನ ಒಲೆ

ನಮ್ಮ ಪಕ್ಕದ ಮನೆಯ ಯಲ್ಲಮ್ಮಕ್ಕನ ಬಲಗೈ ಮಣಿಕಟ್ಟಿಗೆ ಕನಕಪುರದ ಡಾಕ್ಟರು ಪಟ್ಟಿ ಸುತ್ತಿ, ಇನ್ನು ಕೆಲವು ತಿಂಗಳು ಮುದ್ದೆ ತೊಳಸಬೇಡಿ ಎಂದು ಹೇಳಿ ಕಳಿಸಿದ್ದರು. ಮದುವೆಯಾಗಿ ಬಂದಂದಿನಿಂದ ಎರಡು ಹೊತ್ತೂ ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಬೆಂದ ಹಿಟ್ಟನ್ನು ಕೋಲಿನಲ್ಲಿ ತಿರುವಿದ ಕೈ ಅದು. ಯಜಮಾನರಾದ ಲಿಂಗಯ್ಯನವರು ಡಾಕ್ಟರ ಮಾತನ್ನು ಪೂರ್ತಿ ಕೇಳಿಸಿಕೊಂಡು, ಆ ಡಾಕ್ಟರು ಅನ್ನ ತಿನ್ನುವ ಪೈಕಿ, ಅವರಿಗೇನು ಗೊತ್ತು ಎಂದು ತೀರ್ಪು ಕೊಟ್ಟರು. ಮುದ್ದೆಯಿಲ್ಲದ ಊಟ ಅವರ ಪ್ರಕಾರ ಊಟವೇ ಅಲ್ಲ. ಹೀಗಾಗಿ ಪಟ್ಟಿ ಸುತ್ತಿದ ಕೈಯಲ್ಲೇ ಯಲ್ಲಮ್ಮಕ್ಕ ಕೋಲು ಹಿಡಿಯುತ್ತಿದ್ದರು. ನೋವು ಅಂದರೆ, ಅಭ್ಯಾಸ ಆಗುತ್ತೆ ಬಿಡು ಎಂದು ಗಂಡನಿಂದ ಉತ್ತರ ಬರುತ್ತಿತ್ತು.

ಲಿಂಗಯ್ಯನವರು ಬದುಕಿಡೀ ಕಲ್ಲು ಕ್ವಾರಿಯಲ್ಲಿ ಮೇಸ್ತ್ರಿಯಾಗಿದ್ದವರು. ಕಲ್ಲು ನೋಡಿ ನೋಡಿ ರೋಸಿಹೋಗಿ, ಹೊಸ ಮನೆ ಕಟ್ಟಿಸುವಾಗ ಕಂಡಲ್ಲೆಲ್ಲ ಗಾಜು ಹಾಕಿಸಿದರು. ಮೆಟ್ಟಿಲಿಗೆ ಗಾಜು, ಬಾಲ್ಕನಿಗೆ ಗಾಜು, ಬಚ್ಚಲಿಗೂ ಗಾಜು. ಅವರ ಮನೆಗೆ ಬಂದ ನೆಂಟರು ಸ್ನಾನಕ್ಕೆ ಹೋಗುವಾಗ ಎರಡು ಟವಲ್ ಒಯ್ಯುತ್ತಾರೆ, ಒಂದು ಮೈ ಒರೆಸಿಕೊಳ್ಳಲು, ಇನ್ನೊಂದು ಬಾಗಿಲಿಗೆ ಇಳಿಬಿಡಲು.

ಗಾಜೆಲ್ಲ ಬಂದದ್ದು ಬಸ್ ಸ್ಟ್ಯಾಂಡ್ ರಸ್ತೆಯ ಶುಕೂರ್ ಅಂಗಡಿಯಿಂದ. ಶುಕೂರ್ ಗಾಜು ಮಾರುವುದಕ್ಕೆ ಮೊದಲು ಪ್ರವಚನ ಮಾಡುವ ಆಸಾಮಿ. ಬಾಲ್ಕನಿಯ ಗಾಜನ್ನು ಚೆನ್ನಾಗಿ ಕಾಯಿಸಿ, ಗಾಳಿ ಊದಿ ದಿಢೀರನೆ ತಣಿಸಿರುತ್ತಾರಂತೆ. ನಡುವೆ ಗುದ್ದಿದರೂ ತಡೆದುಕೊಳ್ಳುತ್ತೆ, ಅಂಚಿಗೆ ಪೆಟ್ಟು ಬಿದ್ದರೆ ಇಡೀ ಗಾಜು ಕಲ್ಲುಸಕ್ಕರೆಯ ಹಾಗೆ ಉದುರುತ್ತೆ. ಓವನ್ನಿನೊಳಗೆ ಇಡುವ ಗಾಜಿನ ಬೋಗುಣಿಯಲ್ಲಿ ಬೋರಾನ್ ಸೇರಿರುತ್ತೆ, ಅದು ಬಿಸಿಗೆ ಅಷ್ಟಾಗಿ ಹಿಗ್ಗುವುದಿಲ್ಲ. ಕರೆಂಟ್ ಒಲೆಯ ಮೇಲಿನ ಕಪ್ಪು ಹಲಗೆಯಂತೂ ಎಲ್ಲಕ್ಕೂ ಮೇಲು. ಗಾಜನ್ನು ಮತ್ತೊಮ್ಮೆ ಹದವಾಗಿ ಕಾಯಿಸಿ ಅದರೊಳಗೆ ಕಣ್ಣಿಗೆ ಕಾಣದ ಹರಳು ಬೆಳೆಸಿರುತ್ತಾರೆ, ಕಾದರೂ ಹಿಗ್ಗಲ್ಲ, ತಣಿದರೂ ಕುಗ್ಗಲ್ಲ, ಅದಕ್ಕೇ ಸೀಳಲ್ಲ. ಇಷ್ಟು ಹೇಳಿ ಶುಕೂರ್ ಪೆಟ್ಟಿನ ವಿಷಯಕ್ಕೆ ಬರುವಷ್ಟರಲ್ಲಿ ಲಿಂಗಯ್ಯನವರು ಒಲೆಯನ್ನು ಆಟೋಗೆ ಹಾಕಿಸಿ ಆಗಿತ್ತು. ಹಳೆಯ ಗ್ಯಾಸ್ ಒಲೆ ಅದೇ ಸಂಜೆ ಅವರ ತಂಗಿಯ ಮನೆ ಸೇರಿತು.

ತಾನು ಉಂಡ ತಟ್ಟೆಯನ್ನು ಎಂದೂ ಎತ್ತದ ಈ ಮನುಷ್ಯ ಒಲೆಗೆ ಮಾತ್ರ ಮೆತ್ತನೆಯ ಬಟ್ಟೆ ಹಿಡಿದು ನಿಂತರು. ಸಕ್ಕರೆ ಚೆಲ್ಲಬೇಡ, ಕಾದ ಗಾಜಿಗೆ ಅಂಟಿದರೆ ಮೇಲ್ಮೈ ಕಿತ್ತು ಬರುತ್ತೆ. ಪಾತ್ರೆ ಎಳೆಯಬೇಡ, ಎತ್ತಿಡು. ಎತ್ತುವ ಕೈ ಯಾವುದು ಎಂದು ಅವರು ಯೋಚಿಸಲಿಲ್ಲ. ಅಡುಗೆಮನೆಯ ಬಿಳಿ ನೆಲದ ಮೇಲೆ ಮುದ್ದೆ ಪಾತ್ರೆ ಇಳಿಸುವುದಕ್ಕೂ ಅಪ್ಪಣೆ ಇರಲಿಲ್ಲ. ಯಲ್ಲಮ್ಮಕ್ಕ ಒಲೆಯ ಮೇಲೆ ಹಿಟ್ಟು ಬೇಯಿಸಿ, ಕುದಿಯುವ ಪಾತ್ರೆಯನ್ನು ಹಿತ್ತಲಿನವರೆಗೆ ಹೊತ್ತೊಯ್ದು, ಬಟ್ಟೆ ಒಗೆಯುವ ಜಾಗದಲ್ಲಿ ಕೂತು ತೊಳಸಬೇಕಾಯಿತು. ಕೈ ಇನ್ನಷ್ಟು ಊದಿಕೊಂಡಿತು.

ಒಂದು ಭಾನುವಾರ ಕ್ವಾರಿಯ ಹಳೆಯ ಗೆಳೆಯರು ಊಟಕ್ಕೆ ಬಂದರು. ಕೈಯಾಸರೆಗೆ ಒಬ್ಬರಿರಲೆಂದು ಯಲ್ಲಮ್ಮಕ್ಕ ನನ್ನನ್ನೂ ಕರೆದಿದ್ದರು. ಲಿಂಗಯ್ಯನವರು ಒಲೆಯನ್ನು ಕೆಂಪಗೆ ಕಾಯಿಸಿ, ಎಲ್ಲರ ಎದುರು ಅದರ ಮೇಲೆ ಐಸ್ ನೀರು ಸುರಿದರು. ಚೊಂಯ್ ಎಂದು ಆವಿ ಎದ್ದಿತು, ಗಾಜಿಗೆ ಏನೂ ಆಗಲಿಲ್ಲ. ಗೆಳೆಯರು ಬಾಯಿ ಬಿಟ್ಟು ನೋಡಿದರು. ಅವರಲ್ಲೊಬ್ಬ, ಎಲ್ಲ ಸರಿ, ಇದರ ಮೇಲೆ ಮುದ್ದೆ ಆಗುತ್ತಾ ಎಂದು ಕೇಳಿಬಿಟ್ಟ. ಲಿಂಗಯ್ಯನವರು ಹೆಂಡತಿಯ ಕಡೆ ತಿರುಗಿದರು.

“ಇದ್ರ ಮ್ಯಾಲೆ ತೊಳ್ಸಕ್ಕಾಗಕಿಲ್ಲ. ನನ್ ಕೈಲೂ ಆಗಕಿಲ್ಲ,” ಅಂದರು ಯಲ್ಲಮ್ಮಕ್ಕ.

“ಬೆಂಕಿಗೇ ಜಗ್ಗದ್ದು ಮುದ್ದೆಗೆ ಜಗ್ತದೇನ್ಲಾ?” ಎಂದು ಗೆಳೆಯನಿಗೆ ಸವಾಲು ಹಾಕಿ, ಲಿಂಗಯ್ಯನವರು ತಾವೇ ಕೋಲು ಹಿಡಿದರು. ಹಿಟ್ಟು ಬೆಂದಿತು. ಕ್ವಾರಿಯಲ್ಲಿ ಹಾರೆ ಹಾಕಿದ ಕೈ, ಕೋಲನ್ನೂ ಅದೇ ರೀತಿ ಹಾಕಿತು. ಪಾತ್ರೆ ಎಗರೆಗರಿ ಗಾಜಿಗೆ ಬಡಿಯಿತು. ಚಟ್ ಎಂದು ಒಂದೇ ಸದ್ದು, ಮೂಲೆಯಿಂದ ಮೂಲೆಗೆ ಬಿರುಕು. ಗೆಳೆಯರು ತಿಳಿಸಾರು ಅನ್ನ ಉಂಡು ಹೊರಟರು.

ಶುಕೂರ್ ಬಂದು ನೋಡಿ, ಇದಕ್ಕೆ ರಿಪೇರಿ ಇಲ್ಲ, ಹಲಗೆಯನ್ನೇ ಬದಲಿಸಬೇಕು ಅಂದ. “ಬಿಸಿ ತಡೀತೈತೆ ಅಂದೆ ಲಿಂಗಣ್ಣ, ಕುಟ್ಟಿದ್ರೆ ತಡೀತೈತೆ ಅನ್ನಲಿಲ್ಲ,” ಎಂದೂ ಸೇರಿಸಿದ. ಲಿಂಗಯ್ಯನವರು ಬಿರುಕಿನ ಮೇಲೆ ಬೆರಳಾಡಿಸುತ್ತ, ಜ್ವರದ ಮಗುವಿನ ಪಕ್ಕ ಕೂತವರ ಹಾಗೆ ಕೂತಿದ್ದರು. ಅಷ್ಟು ಕಕ್ಕುಲಾತಿ ಅವರಲ್ಲಿ ಇದೆ ಎಂಬುದು ಅವತ್ತೇ ನನಗೆ ಗೊತ್ತಾದದ್ದು.

ಹೊಸ ಹಲಗೆ ಕೂತ ದಿನವೇ ಹೊಸ ಕಾನೂನೂ ಬಂತು. ಮುದ್ದೆ ಪಾತ್ರೆ, ಕೋಲು ಇನ್ನು ಒಲೆಯ ಹತ್ತಿರ ಸುಳಿಯಕೂಡದು. ಮುದ್ದೆಯ ಚಪಲ ಬಿಡದ ಲಿಂಗಯ್ಯನವರು ಅಂದಿನಿಂದ ಎರಡು ಹೊತ್ತೂ ಟಿಫನ್ ಕ್ಯಾರಿಯರ್ ಹಿಡಿದು ಬಸ್ ಸ್ಟ್ಯಾಂಡಿನ ಮೆಸ್ಸಿಗೆ ನಡೆದರು.

ಮೊನ್ನೆ ಮಧ್ಯಾಹ್ನ ಹೋದಾಗ ಯಲ್ಲಮ್ಮಕ್ಕ ಊಟಕ್ಕೆ ಕೂತಿದ್ದರು. ಮಣಿಕಟ್ಟಿನ ಮೇಲೆ ಪಟ್ಟಿ ಇರಲಿಲ್ಲ. ಕೈ ಹೇಗಿದೆ ಎಂದು ಕೇಳಿದೆ.

“ಒಸಿ ವಾಸಿ ಕಣವ್ವ. ಕೈ ನೋಯ್ತದೆ ಅಂತ ಎಷ್ಟ್ ಬಡ್ಕೊಂಡ್ರೂ ಕೇಳ್ನಿಲ್ಲ. ಗಾಜು ಒಡೀತದೆ ಅಂತ ಬುಟ್ಬುಟ್ರು.”

ನಗಬೇಕೆಂದುಕೊಂಡವಳಿಗೆ ಸಿಟ್ಟು ಬಂತು. ಏನಾದರೂ ಅನ್ನಬೇಕೆಂದು ಬಾಯಿ ತೆರೆದೆ. ಅವರು ಎಡಗೈಯಲ್ಲೇ ಸುಮ್ಮನಿರು ಎಂದು ಸನ್ನೆ ಮಾಡಿ, ಮುದ್ದೆ ಮುರಿದರು.

“ಈ ಮನೆಗೆ ಬಂದ್ಮ್ಯಾಕೆ ಬ್ಯಾರೆಯೋರು ತೊಳ್ಸಿದ್ ಮುದ್ದೆ ಉಣ್ತಿರೋದು ಇದೇ ಮೊದ್ಲು,” ಅಂದರು.

ಮೆಸ್ಸಿನವರ ಮುದ್ದೆ ಗಂಟುಗಂಟಾಗಿತ್ತು. ಯಲ್ಲಮ್ಮಕ್ಕ ಒಂದು ಚೂರೂ ಬಿಡದೆ ತಿಂದರು.