ಆವಿಸ್ ಪ್ರೌಟ್ ಊರು ಬಿಡದ ಕಾರಣ

ಹೇಳಿಬಿಟ್ಟರೆ ಮಾವ ಕ್ಲೆಮ್ ಮತ್ತೆ ನನ್ನ ಮುಖ ನೋಡಲಾರರು. ಹೇಳದಿದ್ದರೆ ಆವಿಸ್ ಪ್ರೌಟ್ ಆ ಚರ್ಚಿನ ಗೋಡೆಬದಿಯಲ್ಲೇ ಸವೆದುಹೋಗುತ್ತಾಳೆ. ಮಗುವಿಗೆ ಹಾಲೂಡಿಸುವಾಗಲೂ ನನಗೆ ಇದೇ ಯೋಚನೆ. ಗಂಡ ವಾರವಿಡೀ ಎಕ್ಸೆಟರ್‌ನಲ್ಲಿ. ನಾನು, ಬ್ರಿಸ್ಟಲ್‌ನಲ್ಲಿ ಓದಿ ಬೆಳೆದವಳು, ಈ ಹಳ್ಳಿಯಲ್ಲಿ ಮಾವನ ಮನೆಯ ಅರ್ಧಭಾಗದಲ್ಲಿ. ಅವರು ಆಚೆ ಕೆಮ್ಮಿದರೆ ಈಚೆ ಕೇಳುತ್ತದೆ. ಬಸ್ಸು ಬರುವುದು ಮಂಗಳವಾರ ಮಾತ್ರ.

ಆವಿಸ್ ನಮ್ಮ ಊರಿನ ವಂಶಗಳನ್ನೆಲ್ಲ ನಾಲಿಗೆಯ ತುದಿಯಲ್ಲಿಟ್ಟುಕೊಂಡ ಮುದುಕಿ. ಮುತ್ತಜ್ಜನನ್ನು ಹುಡುಕಿಕೊಂಡು ಕೆನಡಾದಿಂದ, ಆಸ್ಟ್ರೇಲಿಯಾದಿಂದ ಬಂದವರು ಮೊದಲು ತಟ್ಟುವುದು ಆಕೆಯ ಬಾಗಿಲು. ಪಾಚಿಗಟ್ಟಿದ ಸಮಾಧಿಕಲ್ಲಿಗೆ ನೀರು ಚಿಮುಕಿಸಿ, ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ಬಿಸಿಲು ಓರೆಯಾಗುವವರೆಗೆ ಕಾದು, ಸವೆದ ಹೆಸರನ್ನು ಓದಿ ಹೇಳುತ್ತಾಳೆ.

“ಎಲ್ರಿಗೂ ರಾಜವಂಶ ಬೇಕಮ್ಮ. ನಮ್ಮಲ್ಲಿ ಸಿಗೋರು ಬರೀ ಕುರಿಕಳ್ಳರು!”

ಮದುವೆಯಾಗದೆ ಸತ್ತ ಟೀಚರ್ ಮಿಸ್ ಟ್ಯಾಪ್‌ಳ ಕಲ್ಲನ್ನೂ ಉಜ್ಜುತ್ತಾಳೆ. “ಪಾಪ, ಇವಳಿಗೆ ಹಿಂದಿಲ್ಲ ಮುಂದಿಲ್ಲ. ಯಾರು ಹುಡುಕ್ಕೊಂಡು ಬರ್ತಾರೆ?”

ಇಪ್ಪತ್ತು ತುಂಬುವ ಮೊದಲೇ ಆವಿಸ್‌ಗೆ ಗಂಡುಮಗು ಸತ್ತೇ ಹುಟ್ಟಿತ್ತು. ಸೂಲಗಿತ್ತಿ ಅದನ್ನು ಬಟ್ಟೆಯಲ್ಲಿ ಸುತ್ತಿ ಒಯ್ದಳು. ಎಲ್ಲಿಟ್ಟರೆಂದು ಆಗ ತಾಯಿಗೆ ಹೇಳುತ್ತಿರಲಿಲ್ಲ. ದೀಕ್ಷಾಸ್ನಾನವಾಗದ ಅಂಥ ಮಕ್ಕಳಿಗೆ ಚರ್ಚಿನ ಉತ್ತರದ ಗೋಡೆಬದಿಯೇ ಜಾಗವೆಂದು ನಂಬಿ ಆಕೆ ಇಂದಿಗೂ ಅಲ್ಲೇ ಹುಲ್ಲು ಸರಿಸಿ ಹುಡುಕುತ್ತಾಳೆ. ಸೊಂಟದ ಮೂಳೆ ಸವೆದಿದೆ. ಪ್ಲಿಮತ್‌ನ ತಂಗಿ ಕರೆದು ಕರೆದು ಸೋತಿದ್ದಾಳೆ.

“ತಂಗಿ ಮನೆಗೆ ಹೋಗಿ ಆರಾಮಾಗಿರಬಾರದಾ, ಮಿಸೆಸ್ ಪ್ರೌಟ್?” ಎಂದಿದ್ದೆ.

“ನಿನ್ನ ಮಗೂನ ಯಾರೋ ಎಲ್ಲೋ ಮಲಗ್ಸಿದಾರೆ ಅಂತಿಟ್ಕೋ. ಯಾವ ಕೋಣೆ ಅಂತ ತಿಳೀದೆ ಬಸ್ ಹತ್ತೀಯಾ ನೀನು?”

ಭಾನುವಾರದ ಊಟಕ್ಕೆ ಕೂತಾಗ ಈ ಮಾತನ್ನು ಮಾವನಿಗೆ ಹೇಳಿದೆ. ಹುರಿದ ಮಾಂಸ ಕೊಯ್ಯುತ್ತಿದ್ದ ಅವರ ಚಾಕು ನಿಂತಿತು. ಮಾವನ ಅಪ್ಪ ಊರ ಬಡಗಿ. ಶವಪೆಟ್ಟಿಗೆ ಮಾಡುತ್ತಿದ್ದವರೂ ಅವರೇ.

“ಗೋಡೆ ಹತ್ರ ಇಲ್ಲ ಅದು,” ಎಂದರು ಮಾವ. “ಆ ವಾರ ಯಾರು ಸತ್ತಿರ್ತಾರೋ ಅವರ ಪೆಟ್ಟಿಗೇಲೇ ಇಡೋರು. ಕೂಸು ಒಂಟಿಯಾಗಿ ಹೋಗ್ಬಾರ್ದು ಅಂತ. ನಮ್ಮಪ್ಪ ಮಿಸ್ ಟ್ಯಾಪ್ ತೋಳಲ್ಲಿಟ್ಟ. ಮುಚ್ಚಳ ಹಿಡ್ಕೊಂಡಿದ್ದೋನು ನಾನು.”

“ಆವಿಸ್‌ಗೆ ಹೇಳ್ಲಿಲ್ವಾ?”

“ಅಪ್ಪ ಮಾತು ತಗೊಂಡಿದ್ದ. ಎದುರುಮನೇಲಿದ್ದು ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ಯಲ್ಲೋ ಅಂತ ಈಗ ಮುಖಕ್ಕೆ ಉಗೀತಾಳೆ. ನೀನೂ ಸುಮ್ನಿರು ಹುಡುಗಿ. ಈ ಮನೇಲಿ ಬಾಳ್ಬೇಕಾದೋಳು ನೀನು.”

ಅಂದಿನಿಂದ ಚರ್ಚಿನ ಅಂಗಳ ಕಾಣುವ ಕಿಟಕಿಯ ಪರದೆ ಸರಿಸಲೇ ಹೆದರಿಕೆ. ಇವತ್ತು ಸರಿಸಿದೆ. ಗೋಡೆಬದಿ ಮೊಣಕಾಲೂರಿದ್ದ ಆವಿಸ್ ಏಳಲಾಗದೆ ತೆವಳುತ್ತಿದ್ದಳು. ಮಗುವನ್ನೆತ್ತಿಕೊಂಡು ಓಡಿದೆ. ಅಷ್ಟರಲ್ಲಿ ಆಕೆ ಒಂದು ಕಲ್ಲಿಗೊರಗಿ ಏದುಸಿರು ಬಿಡುತ್ತಿದ್ದಳು.

“ನನ್ನನ್ನ ಬಿಡು, ಮಗೂನ ಗಟ್ಟಿಯಾಗಿ ಹಿಡ್ಕೋ. ನಂಗೆ ಈ ಟೀಚರಮ್ಮ ಇದಾಳಲ್ಲ,” ಎಂದು ಕಲ್ಲು ತಟ್ಟಿದಳು.

ಹೇಳಲು ಬಾಯಿ ತೆರೆದೆ. ಗೇಟಿನ ಬಳಿ ಮಾವ ನಿಂತಿದ್ದರು. ಆಕೆಯನ್ನು ಮನೆ ಸೇರಿಸಿ ಬಂದೆ.

ಮನೆಗೆ ಬಂದಮೇಲೆ ಪರದೆ ಮತ್ತೆ ಎಳೆಯಲಾಗಲಿಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡು ಆವಿಸ್‌ಗೆ ಫೋನ್ ಮಾಡಿದೆ. ಗೋಡೆಯಾಚೆ ಮಾವನ ಕೆಮ್ಮು ನಿಂತಿತು. ದನಿ ತಗ್ಗಿಸಲಿಲ್ಲ.

“ಮಿಸೆಸ್ ಪ್ರೌಟ್, ಕೂತ್ಕೊಂಡಿದೀರಾ? ಇವತ್ತು ಒರಗಿಕೊಂಡಿದ್ರಲ್ಲ, ಆ ಕಲ್ಲು... ಅವನು ಅಲ್ಲೇ ಇದಾನೆ. ಟೀಚರ್ ತೋಳಲ್ಲಿ.”