ಬಿರಡೆ ಸಡಿಲಿಸುವ ಭಯ

ತಂತಿಯನ್ನು ಬಿಗಿ ಮಾಡುವಾಗ ಹರಿದೀತೆಂದು ಎಲ್ಲರೂ ಹೆದರುತ್ತಾರೆ. ನಾನು ಸಡಿಲ ಮಾಡುವಾಗಲೂ ಹೆದರುವವನು. ಗಿಟಾರಿನ ಬಿರಡೆಯನ್ನು ಹಿಂದಕ್ಕೆ ತಿರುಗಿಸಿದರೆ ಯಾವ ತಂತಿಯೂ ಹರಿಯುವುದಿಲ್ಲವೆಂಬುದು ಗಣಿತದ ಮೇಷ್ಟ್ರಾದ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ತಿಳಿವಳಿಕೆಗೂ ಧೈರ್ಯಕ್ಕೂ ನನ್ನೊಳಗೆ ಅಷ್ಟಾಗಿ ಮಾತುಕತೆಯಿಲ್ಲ. ಗ್ಯಾಸ್ ಆರಿಸಿದ್ದೇನೆಂದು ಗೊತ್ತಿದ್ದೂ ಚಾಮರಾಜನಗರದ ಬಸ್ ಸ್ಟ್ಯಾಂಡಿನಿಂದ ಮನೆಗೆ ವಾಪಸು ಬಂದು ನೋಡುತ್ತೇನೆ. ನನ್ನ ಹೆಂಡತಿ ನಾಗರತ್ನ ಇದಕ್ಕೆ ‘ತನಿಖೆ’ ಎಂದು ಹೆಸರಿಟ್ಟಿದ್ದಾಳೆ.

ಇಂಥವನಿಗೆ ಗಿಟಾರು ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ನಾಗರತ್ನ ಈಗಲೂ ಕೇಳುತ್ತಾಳೆ. ರಕ್ತದೊತ್ತಡಕ್ಕೆ ಡಾಕ್ಟರು ‘ಏನಾದರೂ ಹವ್ಯಾಸ ಇಟ್ಟುಕೊಳ್ಳಿ’ ಎಂದರು. ಫೋನಿನಲ್ಲಿ ಪಾಠ ನೋಡಿ ಕಲಿಯತೊಡಗಿದೆ. ಒತ್ತಡ ಇಳಿಯಲಿಲ್ಲ, ಹೊಸದೊಂದು ಸೇರಿಕೊಂಡಿತು. ಎಫ್ ಎಂಬ ಸ್ವರಮೇಳ ಹಿಡಿಯುವಾಗ ನನ್ನ ಎಡಗೈ ಅರಿಸಿನದ ಕೊಂಬಿನಂತೆ ಗಂಟುಗಂಟಾಗುತ್ತದೆ. ಚಂದಕವಾಡಿಯ ಸ್ಕೂಲಿನಲ್ಲಿ ಬೋರ್ಡಿನ ಮೇಲೆ ಬರೆಯುವಾಗಲೂ ಬೆರಳುಗಳು ಆ ಭಂಗಿಯಲ್ಲೇ ನಿಂತುಬಿಡುತ್ತವೆ.

ಹಾಗಿರುವಾಗ ಬಿರಡೆ ಸಡಿಲಿಸುವ ಪ್ರಸಂಗ ಬಂದದ್ದು ಮಗಳು ಸಹನಾಳ ಮದುವೆಯಿಂದ. ನಮ್ಮ ಮನೆತನದಲ್ಲಿ ಒಂದು ಪದ್ಧತಿಯಿದೆ. ಮದುವೆಯ ಹಿಂದಿನ ದಿನ ಹೆಣ್ಣಿಗೆ ಅರಿಸಿನ ಹಚ್ಚುವಾಗ ಸೋಬಾನೆಯ ಮೊದಲ ಸೊಲ್ಲನ್ನು ಸೋದರತ್ತೆಯೇ ಎತ್ತಬೇಕು. ಅವಳು ಎತ್ತುವವರೆಗೆ ಯಾರೂ ಅರಿಸಿನದ ಬಟ್ಟಲು ಮುಟ್ಟುವಂತಿಲ್ಲ. ಅವಳು ಯಾವ ಶ್ರುತಿಯಲ್ಲಿ ಎತ್ತುತ್ತಾಳೋ ಉಳಿದ ಹೆಂಗಸರು ಅದರಲ್ಲೇ ಸೊಲ್ಲು ತಿರುಗಿಸಿ ಹೇಳಬೇಕು. ಸಹನಾಳ ಸೋದರತ್ತೆ ಎಂದರೆ ಗುಂಡ್ಲುಪೇಟೆಯಲ್ಲಿರುವ ನನ್ನ ಅಕ್ಕ ಮಾದೇವಿ. ನಮ್ಮ ಬೀದಿಯ ಯಾವ ಚಪ್ಪರದಲ್ಲಿ ಅವಳು ಸೊಲ್ಲೆತ್ತಿದರೂ ಪಕ್ಕದ ಬೀದಿಯ ಮನೆಗಳ ಬಾಗಿಲು ತೆರೆದುಕೊಳ್ಳುತ್ತಿದ್ದವು. ಅಂಥ ಎತ್ತರದ ಕಂಠ. ಹೋದ ವರ್ಷ ಥೈರಾಯ್ಡಿನ ಆಪರೇಷನ್ ಆಯಿತು. ಜೀವಕ್ಕೇನೂ ಆಗಲಿಲ್ಲ, ಆದರೆ ಕಂಠದ ಮೇಲಿನ ಅರ್ಧ ಹೊರಟೇಹೋಯಿತು.

ಲಗ್ನಪತ್ರಿಕೆ ಕೊಡಲು ಹೋದಾಗ ಅಕ್ಕ ನೇರವಾಗಿ ಹೇಳಿದಳು. “ಧಾರೆಗೆ ಬತ್ತೀನಿ. ಅರಿಸಿನಕ್ಕೆ ಬರಲ್ಲ ಕಣ್ಲಾ. ನನ್ನ ಗಂಟ್ಲು ಒಡ್ದೋಗದ. ಕೂಸು ಹಸೆ ಮೇಲೆ ಕುಂತಿರುವಾಗ ನಾ ಕೀರ್ಲು ಕೀರ್ಲಾಗಿ ಪದ ಏಳುದ್ರೆ ಅಪಸಕುನ ಆಯ್ತದ. ಬ್ಯಾರೆ ಯಾರ್ನಾರ ಕರ್ಕ.”

ಬೇರೆ ಯಾರನ್ನು ಕರೆಯುವುದು? ಇತ್ತ ಸಹನಾ ತನ್ನ ಹಟ ಹಿಡಿದಳು: “ಅತ್ತೆ ಬರ್ದಿದ್ರೆ ನಾನು ಹಸೆ ಮೇಲೆ ಕೂರಲ್ಲ ಕಣಪ್ಪ.” ಅಕ್ಕನ ನಿರಾಕರಣೆಗೂ ಮಗಳ ಹಟಕ್ಕೂ ನಡುವೆ ನನಗೆ ಅನ್ನ ಸೇರದಂತಾಯಿತು. ಛತ್ರ, ಅಡುಗೆ, ಬಸ್ಸು ಎಲ್ಲ ನಿಗದಿಯಾಗಿತ್ತು. ಒಂದು ಸೊಲ್ಲು ಮಾತ್ರ ನಿಗದಿಯಾಗಿರಲಿಲ್ಲ. ಹಿಪ್ಪಲಿ ಕಷಾಯ, ಜೇನುತುಪ್ಪ, ಬಿಸಿನೀರಿನ ಹಬೆ ಎಂದು ದಿನಾ ಫೋನಿನಲ್ಲಿ ಅಕ್ಕನಿಗೆ ಉಪದೇಶ ಮಾಡಿದೆ. ಹೋದ ಅರ್ಧ ಕಂಠವನ್ನು ಹೇಗಾದರೂ ಹತ್ತಿಸಿ ಮೇಲಕ್ಕೆ ತರುವುದೊಂದೇ ನನ್ನ ತಲೆಯಲ್ಲಿದ್ದದ್ದು. ಕೊನೆಗೆ ಅವಳು ಫೋನ್ ಎತ್ತುವುದನ್ನೇ ಬಿಟ್ಟಳು.

ಆ ದಿನಗಳಲ್ಲೇ ಫೋನಿನ ಪಾಠದಲ್ಲಿ ಗಿಟಾರಿನ ಬೇರೊಂದು ಶ್ರುತಿಕ್ರಮ ಕಣ್ಣಿಗೆ ಬಿತ್ತು. ಆರು ತಂತಿಗಳಲ್ಲಿ ನಾಲ್ಕನ್ನು ಒಂದಿಷ್ಟು ಸಡಿಲಿಸಿ, ಎರಡನ್ನು ಇದ್ದಂತೆಯೇ ಬಿಡಬೇಕು. ಆಮೇಲೆ ಎಡಗೈ ಏನನ್ನೂ ಹಿಡಿಯಬೇಕಿಲ್ಲ. ಬರಿದೇ ಮೀಟಿದರೂ ಷಡ್ಜ, ಪಂಚಮ, ಗಾಂಧಾರ ಒಟ್ಟಾಗಿ ತುಂಬಿಕೊಂಡು ಬರುತ್ತವೆ. ಹವಾಯಿ ದ್ವೀಪದ ದನಗಾಹಿಗಳಿಂದ ಬೆಳೆದುಬಂದ ಇಂಥದೇ ಒಂದು ವಿದ್ಯೆಗೆ ಅವರ ಭಾಷೆಯಲ್ಲಿ ‘ಬಿರಡೆ ಸಡಿಲಿಸು’ ಎಂಬರ್ಥದ ಹೆಸರೇ ಇದೆಯಂತೆ. ಯಾವ ತಂತಿಯನ್ನು ಎಷ್ಟು ಸಡಿಲಿಸಬೇಕೆಂಬುದನ್ನು ಒಂದೊಂದು ಮನೆಯವರೂ ಹುಳಿಪುಡಿಯ ಹದದಂತೆ ಗುಟ್ಟಾಗಿ ಇಟ್ಟುಕೊಳ್ಳುತ್ತಿದ್ದರಂತೆ. ಅಷ್ಟು ದೂರ ಯಾಕೆ, ನಮ್ಮ ಬೀದಿಯಲ್ಲಿ ಹಾಡಿಕೊಂಡು ಹೋಗುವ ನೀಲಗಾರರ ತಂಬೂರಿಯೂ ಹೀಗೇ. ಕೈ ತಂತಿಗೆ ಗಂಟುಬೀಳುವುದಿಲ್ಲ, ನಾದ ತಾನೇ ಬರುತ್ತದೆ. ಇಷ್ಟೆಲ್ಲ ಓದಿಕೊಂಡರೂ ಮೊದಲ ಬಿರಡೆ ತಿರುಗಿಸಲು ನನಗೆ ಒಂದು ಭಾನುವಾರವಿಡೀ ಹಿಡಿಯಿತು. ಗಿಟಾರಿನ ಕತ್ತು ಬಾಗಿದರೆ? ತಂತಿ ಮತ್ತೆ ಮೇಲೇರದಿದ್ದರೆ? ನಾಗರತ್ನ ಅಡುಗೆಮನೆಯಿಂದ ಕೂಗಿದಳು, “ಅದೇನು ಬಾಂಬಾ? ತಿರುಗ್ಸಿ!”

ತಿರುಗಿಸಿದೆ. ದಪ್ಪ ತಂತಿ ಕೆಳಗಿಳಿದು ನಿಂತಾಗ ಎದೆಗೂಡಿಗೇ ತಾಗುವಂಥ ಒಂದು ಗುಂಯ್‌ಕಾರ ಬಂತು. ಆಗ ಹೊಳೆಯಿತು: ಅಕ್ಕನ ಕಂಠದಲ್ಲಿ ಉಳಿದಿರುವುದು ಈ ಜಾಗ. ಖುಷಿಯಾಯಿತು, ಆದರೆ ಮರುಕ್ಷಣವೇ ಭಯ. ಇಷ್ಟು ಕೆಳಗಿನ ಸೋಬಾನೆಯನ್ನು ನಮ್ಮ ಹೆಂಗಸರು ಕೇಳಿಯೇ ಇಲ್ಲ. ನಗುತ್ತಾರೆ. ಅಕ್ಕ ಇನ್ನೊಮ್ಮೆ ಒಡೆದುಹೋಗುತ್ತಾಳೆ. ಅದಕ್ಕೆ ಕಾರಣ ನಾನಾಗುತ್ತೇನೆ.

ಆದರೂ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಗುಂಡ್ಲುಪೇಟೆಯ ಬಸ್ಸು ಹತ್ತಿದೆ. “ಅದುಕ್ಕೂ ಅರ್ಧ ಟಿಕೆಟ್ ಕೊಡ್ಲಾ ಸಾ?” ಎಂದ ಕಂಡಕ್ಟರು. ತೆರಕಣಾಂಬಿ ದಾಟುವಷ್ಟರಲ್ಲಿ ಬಿಸಿಲಿಗೂ ಕುಲುಕಾಟಕ್ಕೂ ಶ್ರುತಿ ಏನಾಯಿತೋ ಎಂದು ಚೀಲದ ಜಿಪ್ಪು ತೆರೆದು ತೆರೆದು ನೋಡಿದೆ, ಶ್ರುತಿ ಕಣ್ಣಿಗೆ ಕಾಣುತ್ತದೆ ಎನ್ನುವವನ ಹಾಗೆ.

ಅಕ್ಕನ ಮನೆ ಹೆದ್ದಾರಿಯ ಪಕ್ಕ. ಸಾಯಂಕಾಲವಾದರೆ, ರಾತ್ರಿಗೆ ಬಂಡೀಪುರದ ಕಾಡಿನ ಗೇಟು ಮುಚ್ಚುವುದರೊಳಗೆ ದಾಟಿಬಿಡಬೇಕೆಂದು ಕೇರಳದ ಲಾರಿಗಳು ಹಾರ್ನು ಹೊಡೆಯುತ್ತ ಓಡುತ್ತವೆ. ಆ ಡ್ರೈವರುಗಳ ತಳಮಳ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಲಾರಿಗಳ ಸದ್ದಿನ ನಡುವೆಯೇ ಜಗಲಿಯಲ್ಲಿ ಕೂತು, ಶ್ರುತಿ ತೋರಿಸುವ ಫೋನನ್ನು ಎದುರಿಗಿಟ್ಟುಕೊಂಡು, ಅದರ ಸೂಜಿ ಹಸಿರಿಗೆ ಬರುವವರೆಗೆ ಬಿರಡೆ ತಿರುವಿದೆ. ಅಕ್ಕ ಹೂ ಕಟ್ಟುತ್ತ ನೋಡುತ್ತಿದ್ದಳು. ಬರಿದೇ ಮೀಟಿದೆ. ಅವಳು ಹಾಡಲಿಲ್ಲ. ಮೀಟುತ್ತಲೇ ಇದ್ದೆ, ನಿಲ್ಲಿಸಿದರೆ ಮಾತಾಡಬೇಕಾಗುತ್ತದಲ್ಲ ಎಂಬ ಭಯಕ್ಕೆ. ಎಷ್ಟೋ ಹೊತ್ತಿನ ಮೇಲೆ ಹೂವಿನ ಮೇಲೆ ಕಣ್ಣಿಟ್ಟುಕೊಂಡೇ ಒಂದೆಳೆ ಗುನುಗಿದಳು. ನನ್ನ ತಂತಿಗಿಂತ ಒಂದು ಕೂದಲಷ್ಟು ಕೆಳಗಿತ್ತು.

“ಅಕ್ಕ, ಒಂಚೂರು ಮೇಲೆ ಹಿಡಿ, ಸೂಜಿ ಇಲ್ಲಿ ನಿಂತಿದೆ ನೋಡು” ಎಂದೆ.

ಅಕ್ಕ ಹೂ ಕೆಳಗಿಟ್ಟಳು. “ಮದುವೆ ನಿನ್ನ ಸೂಜಿಗೇನ್ಲಾ? ನನ್ನ ಕೈಲಾಗದು ಇಷ್ಟೇಯ. ಬೇಕಾದ್ರೆ ನೀನೇ ಇಳ್ದು ಬಾ.”

ಫೋನನ್ನು ಮಗುಚಿ ಹಾಕಿ, ಅಕ್ಕನ ಗುನುಗಿಗೆ ಕಿವಿಗೊಟ್ಟು ಒಂದೊಂದೇ ತಂತಿಯನ್ನು ಇಳಿಸಿದೆ. ಅವಳ ಹಾಡಿನ ಗಾಂಧಾರ ಮಾತ್ರ ಗಿಟಾರಿನದಕ್ಕೆ ಒಗ್ಗಲೇ ಇಲ್ಲ. ಆ ತಂತಿಯನ್ನು ಬೆರಳಿನಿಂದ ಅದುಮಿ ಸುಮ್ಮನಿರಿಸಿದೆ. ಅವಳು ಒಂದು ಸೊಲ್ಲು ಪೂರ್ತಿ ಹಾಡಿದಳು. ಆ ಕಂಠ ಒರಟಾಗಿತ್ತು, ಆದರೆ ಎಲ್ಲೂ ಒಡೆಯಲಿಲ್ಲ. ನನಗೆ ಅಳು ಬಂತು, ಅದನ್ನು ಮುಚ್ಚಿಡಲು ಕೆಮ್ಮಿದೆ. “ಬತ್ತೀನಿ” ಎಂದಳು ಅಕ್ಕ. “ಯಾರಾರ ನಗಾಡುದ್ರೆ ಎದ್ದು ಬಂದ್ಬುಡ್ತೀನಿ, ಆಮೇಲೆ ನೀ ಕರೀಬ್ಯಾಡ.”

ಅರಿಸಿನದ ದಿನ ಬೆಳಿಗ್ಗೆ ನನ್ನ ಕೈ ಬೆವರಿ ತಂತಿಗಳೆಲ್ಲ ಒದ್ದೆ. ಚಪ್ಪರದ ಕೆಳಗೆ ಸಹನಾ ಹಸೆಯ ಮೇಲೆ ಕೂತಳು. ಸುತ್ತ ನಮ್ಮ ಬೀದಿಯ ಹೆಂಗಸರು, ಎಲ್ಲರಿಗಿಂತ ಮುಂದೆ ಬೀದಿಗೇ ಹಿರಿಯಳಾದ ಪುಟ್ಟಮ್ಮಜ್ಜಿ. ನಾನು ಕಂಬದ ಮರೆಯಲ್ಲಿ ಕೂತು ಮೀಟತೊಡಗಿದೆ. ಅಕ್ಕ ಸೆರಗು ಸರಿಮಾಡಿಕೊಂಡು ಸೊಲ್ಲೆತ್ತಿದಳು, ತನ್ನ ಹೊಸ ತಗ್ಗಿನಲ್ಲಿ.

ಸೊಲ್ಲು ಮುಗಿಯಿತು. ತಿರುಗಿಸಿ ಹೇಳಬೇಕಾದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಳೆಯ ಎತ್ತರಕ್ಕೆ ಹಾರಲೆಂದು ಎಲ್ಲರೂ ಉಸಿರೆಳೆದುಕೊಂಡು ಸಿದ್ಧರಾಗಿದ್ದವರು. ಎಳೆದ ಉಸಿರನ್ನು ಹಾಗೇ ಹೊರಬಿಟ್ಟರು. ಅಕ್ಕ ನೆಲಕ್ಕೆ ಕೈ ಊರಿದಳು. ಅವಳು ಏಳಲಿಕ್ಕೆ ಹೊರಟಿದ್ದಾಳೆಂದು ನನಗೆ ಗೊತ್ತಾಯಿತು, ಮೀಟುವ ಬೆರಳು ಗಾಳಿಯಲ್ಲೇ ನಿಂತಿತು.

ಆಗ ಪುಟ್ಟಮ್ಮಜ್ಜಿ ಕತ್ತು ಒಮ್ಮೆ ಆಚೀಚೆ ತಿರುಗಿಸಿ, ಆರಾಮವಾಗಿ ಆ ಸೊಲ್ಲನ್ನು ಹಿಡಿದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ. ಇಷ್ಟು ತುಂಬಿದ ಸೋಬಾನೆಯನ್ನು ನಾನು ಯಾವ ಚಪ್ಪರದಲ್ಲೂ ಕೇಳಿರಲಿಲ್ಲ. ಗಿಟಾರು ನನಗೇ ಕೇಳಿಸದಾಯಿತು. ಸೊಲ್ಲು ಮುಗಿಸಿ ಅಜ್ಜಿ ಅಕ್ಕನ ತೊಡೆಗೆ ಬಡಿದು ಹೇಳಿದಳು: “ಇಷ್ಟು ವರ್ಸ ನಿನ್ನ ಗಂಟ್ಲಿಗೆ ಏಣಿ ಆಕಂಡು ಅತ್ತಿ ಅತ್ತಿ ನಮ್ಮ ಕತ್ತೆಲ್ಲ ಬಿದ್ದೋಗಿತ್ತು ಕಣಮ್ಮಿ. ಸದ್ಯ, ಈಗ್ಲಾರ ಇಳ್ದಲ್ಲ!”

ಚಪ್ಪರವೆಲ್ಲ ನಕ್ಕಿತು. ಅಕ್ಕ ಎದ್ದು ಹೋಗಲಿಲ್ಲ, ಎಲ್ಲರಿಗಿಂತ ಜೋರಾಗಿ ಅವಳೇ ನಕ್ಕಳು. ನನ್ನ ಎದೆಯ ಮೇಲಿಂದ ಮೂಟೆಯೊಂದನ್ನು ಯಾರೋ ಕೆಳಗಿಳಿಸಿದಂತಾಯಿತು. ಅಕ್ಕನನ್ನು ಮೇಲೆ ಹತ್ತಿಸಬೇಕೆಂದು ದಿನಗಟ್ಟಲೆ ನಾನು ಒದ್ದಾಡುತ್ತಿದ್ದಾಗ, ಅವಳು ಯಾವಾಗ ಇಳಿದಾಳೆಂದು ಇಡೀ ಬೀದಿಯ ಹೆಂಗಸರೇ ಬಾಯಿಬಿಟ್ಟು ಹೇಳದೆ ಕಾಯುತ್ತಿದ್ದರು.

ಸಹನಾಳ ಕೆನ್ನೆಗೆ ಮೊದಲ ಅರಿಸಿನ ಹಚ್ಚಿ ಅಕ್ಕ ನನ್ನ ಕಡೆ ತಿರುಗಿದಳು. “ಇನ್ನೂ ಒಸಿ ಇಳುಸ್ಬೌದೇನ್ಲಾ?”

ನಾನು ಉತ್ತರ ಹೇಳುವ ಮೊದಲೇ ಹಿಂದಿನ ಸಾಲಿನ ಮುದುಕಿಯರೆಲ್ಲ ಒಟ್ಟಿಗೆ ಕೂಗಿದರು, “ಇಳ್ಸು ಮೇಷ್ಟ್ರೇ, ಇಳ್ಸು!”